ಕಲ್ಲು ಕಂಡವರಿಗೆ ಕಾಗದ ಕಾಣಲಿಲ್ಲ

ವ್ಯಂಗ್ಯಚಿತ್ರ ಅಂದರೆ ಬಡವನ ಕೈಯ ಕವಣೆ, ಅದರ ಕಲ್ಲು ಬೀಳುವುದು ಯಜಮಾನನ ಹಣೆಗೇ ಅಂತ ನಮ್ಮಲ್ಲೊಂದು ನಂಬಿಕೆ ಇದೆ. ನಾಲ್ಕು ಗೆರೆಯಲ್ಲಿ ಮಂತ್ರಿಯ ಹೊಟ್ಟೆ ಬರೆದುಬಿಟ್ಟರೆ ಅರ್ಧ ಕ್ರಾಂತಿ ಮುಗಿಯಿತು ಅನ್ನುವ ಹಾಗೆ ಮಾತಾಡುವ ಗೆಳೆಯರಿದ್ದಾರೆ. ಈ ನಂಬಿಕೆಯನ್ನು ಒಂದು ಸಲ ಬಿಸಿಲಿಗೆ ಹಾಕಿ ನೋಡಬೇಕಾಗಿದೆ. ನಗು ಯಾವಾಗಲೂ ಕೆಳಗಿನಿಂದ ಮೇಲಕ್ಕೇ ಹೋಗುತ್ತೆ ಅಂತ ಯಾರು ಹೇಳಿದರು? ಯಜಮಾನನೂ ನಗುತ್ತಾನೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಪತ್ರಿಕೆ ಬಿಡಿಸುತ್ತಾನೆ. ಅದರಲ್ಲಿ ಯಾವನೋ ಪುಂಡ ಕಲ್ಲು ಹಿಡಿದು ನಿಂತ ಚಿತ್ರ ಇರುತ್ತೆ. 'ಛೆ, ಎಂಥಾ ಜನಾನಪ್ಪ' ಅಂತ ನಗುತ್ತಾನೆ. ಆ ನಗುವಿನಲ್ಲೇ ಕೈ ತೊಳೆದುಕೊಂಡು ಕೆಲಸಕ್ಕೆ ಹೋಗುತ್ತಾನೆ. ಆ ಪುಂಡ ಕಾವಲು ಕಾಯುತ್ತಿರುವುದು ತನ್ನ ಮನೆಯನ್ನೇ ಅನ್ನುವುದು ಅವನಿಗೆ ಹೊಳೆಯುವುದಿಲ್ಲ. ಚಿತ್ರ ಬರೆದವನೂ ಅದನ್ನು ಹೊಳೆಯಿಸುವುದಿಲ್ಲ.

ಈ ಮಾತಿಗೆ ಅಮೆರಿಕದ ಉಪನಗರಗಳಿಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ನಮ್ಮ ಊರುಗಳಲ್ಲಿ ಕೇರಿಯನ್ನು ಊರಾಚೆ ಇಟ್ಟರು. ಗಾಳಿ ಯಾವ ಕಡೆಯಿಂದ ಬೀಸುತ್ತೆ, ನೀರು ಯಾವ ಕಡೆ ಹರಿಯುತ್ತೆ ಅಂತ ಲೆಕ್ಕ ಹಾಕಿ ಇಟ್ಟರು. ಅಮೆರಿಕದಲ್ಲಿ ಇದು ತಿರುಗುಮುರುಗು. ಅಲ್ಲಿ ಯಜಮಾನರೇ ಊರಾಚೆ ಹೋದರು. ಹಳ್ಳಿಗಾಡಿನ ಗಾಳಿ, ಮನೆ ಮುಂದೆ ಹುಲ್ಲು, ಮನೆಗೊಂದು ಕಾರು, ಮಕ್ಕಳಿಗೆ ಹೊಸ ಶಾಲೆ, ಇಷ್ಟನ್ನೂ ಕಟ್ಟಿಕೊಂಡು ಬಾಗಿಲು ಹಾಕಿಕೊಂಡರು. ಕಪ್ಪು ಜನರನ್ನು ಹಳೆಯ ಪೇಟೆಯ ಹೊಗೆಯಲ್ಲಿ ಬಿಟ್ಟರು. ಇದು ಜನ ತಾವಾಗಿಯೇ ಅವರವರ ಇಷ್ಟಕ್ಕೆ ಸೇರಿಕೊಂಡ ಕಥೆ ಅಂತ ಅಲ್ಲಿನ ಬಿಳಿಯರು ಬಹಳ ಕಾಲ ಹೇಳಿಕೊಂಡು ಬಂದರು. ಅದು ಸುಳ್ಳು. ಪ್ರತಿಯೊಂದಕ್ಕೂ ಕಾಗದ ಇತ್ತು. ಕಾಗದದ ಮೇಲೆ ರುಜು ಇತ್ತು.

1924ರಲ್ಲಿ ಅಲ್ಲಿನ ಮನೆ ದಲ್ಲಾಳಿಗಳ ರಾಷ್ಟ್ರೀಯ ಸಂಘ ತನ್ನ ನೀತಿಸಂಹಿತೆಯಲ್ಲೇ ಒಂದು ನಿಯಮ ಬರೆದುಕೊಂಡಿತು. ಒಂದು ಬಡಾವಣೆಯ ಬೆಲೆ ಇಳಿಸುವಂಥ ಜನಾಂಗದವರನ್ನು ಅಲ್ಲಿಗೆ ಕರೆತರಬಾರದು ಅನ್ನುವುದು ಅದರ ಸಾರ. ನೋಡಿ, ಅದರ ಹೆಸರು ನೀತಿಸಂಹಿತೆ! ಮನುವಿಗೆ ದೂರದೇಶದಲ್ಲೂ ಶಿಷ್ಯರಿದ್ದರು. 1933ರಲ್ಲಿ ಹುಟ್ಟಿದ ಸರ್ಕಾರಿ ಗೃಹಸಾಲ ಸಂಸ್ಥೆ ಪೇಟೆಗಳ ನಕ್ಷೆ ಬರೆಸಿ, ಕಪ್ಪು ಜನ ಇದ್ದ ಜಾಗಗಳಿಗೆ ಕೆಂಪು ಬಣ್ಣ ಬಳಿಸಿತು. ಕೆಂಪು ಅಂದರೆ ಸಾಲಕ್ಕೆ ಅಪಾಯ. 1934ರಲ್ಲಿ ಬಂದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಬ್ಯಾಂಕಿನ ಸಾಲಗಳಿಗೆ ಸರ್ಕಾರದ ಜಾಮೀನು ಕೊಡುವ ಕಚೇರಿ. ಅದರ ಕೈಪಿಡಿ, ಬೇರೆ ಜನಾಂಗದವರಿಗೆ ಮಾರುವುದಿಲ್ಲ ಅನ್ನುವ ಕರಾರು ಕ್ರಯಪತ್ರದಲ್ಲಿ ಇದ್ದರೆ ಒಳ್ಳೆಯದು ಅಂತ ಶಿಫಾರಸು ಮಾಡಿತು. 1941ರಲ್ಲಿ ಡೆಟ್ರಾಯಿಟ್‌ನಲ್ಲಿ ಒಬ್ಬ ಬಿಲ್ಡರ್ ಬಿಳಿಯರಿಗೆ ಮನೆ ಕಟ್ಟಲು ಹೊರಟ. ಪಕ್ಕದಲ್ಲೇ ಕಪ್ಪು ಜನರ ಕೇರಿ. ಆ ಸರ್ಕಾರಿ ಜಾಮೀನು ಸಿಗಲೆಂದು ಎರಡರ ನಡುವೆ ಆರು ಅಡಿ ಎತ್ತರದ, ಸುಮಾರು ಅರ್ಧ ಮೈಲಿ ಉದ್ದದ ಗೋಡೆ ಕಟ್ಟಿಸಿದ. ಜಾಮೀನು ಸಿಕ್ಕಿತು. ಆ ಗೋಡೆ ಇವತ್ತಿಗೂ ನಿಂತಿದೆ.

1947ರಲ್ಲಿ ನ್ಯೂಯಾರ್ಕಿನ ಪಕ್ಕದ ಲಾಂಗ್ ಐಲೆಂಡ್‌ನಲ್ಲಿ ಲೆವಿಟ್ ಕಂಪನಿ ಆಲೂಗಡ್ಡೆ ಹೊಲಗಳ ಮೇಲೆ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಮನೆ ಕಟ್ಟತೊಡಗಿತು. ಕೊನೆಗೆ 17,000ಕ್ಕೂ ಮೀರಿದ ಮನೆಗಳಾದವು. ಅದೇ ಲೆವಿಟೌನ್. ಯುದ್ಧದಿಂದ ಮರಳಿದ ಸೈನಿಕರಿಗೆ ಅಗ್ಗದ ಮನೆ. ಆದರೆ ಕರಾರಿನಲ್ಲಿ ಒಂದು ಕಲಮು ಇತ್ತು: ಬಿಳಿ ಜನಾಂಗದವರಲ್ಲದವರು ಇಲ್ಲಿ ವಾಸ ಮಾಡಕೂಡದು, ಮನೆಕೆಲಸದ ಆಳಾಗಿ ಇದ್ದರೆ ಮಾತ್ರ ಅಡ್ಡಿಯಿಲ್ಲ. ಹಿಟ್ಲರನ ವಿರುದ್ಧ ಹೋರಾಡಿ ಬಂದ ಕಪ್ಪು ಸೈನಿಕ ಆ ಮನೆಯ ಕಸ ಗುಡಿಸಬಹುದು, ಅಲ್ಲಿ ಮಲಗಿ ನಿದ್ದೆ ಮಾಡುವ ಹಾಗಿಲ್ಲ. ಗುಡಿಸುವುದಕ್ಕೆ ಒಳಗೆ, ಬದುಕುವುದಕ್ಕೆ ಹೊರಗೆ. ಈ ಲೆಕ್ಕ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಕಲ್ಲಿನ ವಿಷಯಕ್ಕೆ ಬರೋಣ. ಕಾಗದದ ಬೇಲಿಯನ್ನು ದಾಟಿ ಯಾರಾದರೂ ಬಂದುಬಿಟ್ಟರೆ ಆಗ ಕಲ್ಲು ಹೊರಗೆ ಬರುತ್ತಿತ್ತು. ಪರ್ಸಿ ಜೂಲಿಯನ್ ದೊಡ್ಡ ರಸಾಯನವಿಜ್ಞಾನಿ. ಸೋಯಾ ಅವರೆಯಿಂದ ಔಷಧಿಗೆ ಬೇಕಾದ ಹಾರ್ಮೋನುಗಳನ್ನು ಅಗ್ಗವಾಗಿ ತಯಾರಿಸುವ ದಾರಿ ತೋರಿಸಿದವರು. ಷಿಕಾಗೋ ಪಕ್ಕದ ಓಕ್ ಪಾರ್ಕ್‌ನಲ್ಲಿ ಮನೆ ಕೊಂಡರು. 1950ರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, ಅಂದರೆ ಅಮೆರಿಕದವರು ಒಂದೇ ಮೇಜಿಗೆ ಕೂತು ಉಂಡು ದೇವರಿಗೆ ವಂದನೆ ಹೇಳುವ ದಿನ, ಆ ಮನೆಗೆ ಬೆಂಕಿ ಇಡಲು ನೋಡಿದರು. ಮರುವರ್ಷ ಡೈನಮೈಟ್ ಎಸೆದರು. ಕಪ್ಪು ಮನುಷ್ಯ ಕಂಡುಹಿಡಿದದ್ದು ಬೇಕು, ಅವನ ನೆರೆ ಬೇಡ. 1951ರ ಜುಲೈನಲ್ಲಿ ಅಲ್ಲೇ ಹತ್ತಿರದ ಸಿಸೆರೋದಲ್ಲಿ ಒಬ್ಬ ಕಪ್ಪು ಮಾಜಿ ಸೈನಿಕನ ಸಂಸಾರ ಬಾಡಿಗೆಗೆ ಬಂದದ್ದಕ್ಕೆ ಸಾವಿರಾರು ಜನ ಮುತ್ತಿಗೆ ಹಾಕಿ ಕಟ್ಟಡವನ್ನೇ ಹಾಳುಗೆಡವಿದರು. ಸೈನ್ಯ ಕರೆಸಬೇಕಾಯಿತು. ಆಮೇಲೆ ನ್ಯಾಯದ ಗ್ರ್ಯಾಂಡ್ ಜ್ಯೂರಿ ಯಾರ ಮೇಲೆ ಆರೋಪ ಹೊರಿಸಿತು ಗೊತ್ತೇ? ದೊಂಬಿಯವರ ಮೇಲಲ್ಲ. ಆ ಸಂಸಾರದ ಪರ ನಿಂತ ವಕೀಲನ ಮೇಲೆ, ಮನೆ ಕೊಟ್ಟ ಒಡತಿಯ ಮೇಲೆ! ಆ ಆರೋಪಗಳು ಮುಂದೆ ಬಿದ್ದುಹೋದವು ನಿಜ. ಆದರೆ ಹೊರಿಸಿದ ಕೈ ಯಾವುದು ಅನ್ನುವುದು ಎಲ್ಲರಿಗೂ ಕಂಡಿತ್ತು. 1957ರ ಆಗಸ್ಟ್‌ನಲ್ಲಿ ಪೆನ್ಸಿಲ್ವೇನಿಯಾದ ಇನ್ನೊಂದು ಲೆವಿಟೌನ್‌ಗೆ ಮೈಯರ್ಸ್ ದಂಪತಿ ಬಂದಾಗ ದಿನಗಟ್ಟಲೆ ಗುಂಪು ಸೇರಿತು, ಕಲ್ಲು ತೂರಿತು, ಶಿಲುಬೆಗೆ ಬೆಂಕಿ ಹಚ್ಚಿತು. 1966ರ ಆಗಸ್ಟ್ 5ರಂದು ಷಿಕಾಗೋದ ಮಾರ್ಕೆಟ್ ಪಾರ್ಕ್‌ನಲ್ಲಿ ಮನೆಯ ಹಕ್ಕಿಗಾಗಿ ನಡೆದ ಮೆರವಣಿಗೆಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಲೆಗೆ ಕಲ್ಲು ಬಿತ್ತು. ದಕ್ಷಿಣದ ಮಿಸಿಸಿಪ್ಪಿ, ಅಲಬಾಮಗಳಲ್ಲೂ ಇಂಥ ದ್ವೇಷ ಕಂಡಿರಲಿಲ್ಲ ಎಂದು ಅವರು ಹೇಳಿದರು.

ಇಲ್ಲಿ ವ್ಯಂಗ್ಯಚಿತ್ರಕಾರ ಏನು ಮಾಡಿದ? ದೊಡ್ಡ ಪತ್ರಿಕೆಗಳ ಒಳ್ಳೆಯ ಚಿತ್ರಕಾರರು ಸುಮ್ಮನೆ ಕೂರಲಿಲ್ಲ, ನಿಜ. ವಾಷಿಂಗ್ಟನ್ ಪೋಸ್ಟ್‌ನ ಹರ್ಬ್ಲಾಕ್, ಯುದ್ಧಭೂಮಿಯಿಂದ ಬಂದ ಬಿಲ್ ಮಾಲ್ಡಿನ್ ಇಂಥವರು ದಕ್ಷಿಣದ ವರ್ಣದ್ವೇಷಿಗಳನ್ನು ಗೆರೆಯಲ್ಲೇ ಚರ್ಮ ಸುಲಿದರು. ಅವರ ಋಣ ಸಣ್ಣದಲ್ಲ. ಆದರೆ ಆ ಕಾಲದ ಉದಾರವಾದಿ ವ್ಯಂಗ್ಯಚಿತ್ರದ ರಾಕ್ಷಸ ಯಾರು ನೋಡಿ: ಬಿಳಿ ಮುಸುಕು ಹಾಕಿದವನು, ಹೊಟ್ಟೆ ಬೆಳೆಸಿದ ದಕ್ಷಿಣದ ಪೊಲೀಸು ಅಧಿಕಾರಿ, ಹಲ್ಲು ಕಿರಿಯುವ ದೊಂಬಿಕೋರ. ಅವರಿಗೆಲ್ಲ ಮುಖ ಇದೆ. ವ್ಯಂಗ್ಯಚಿತ್ರದ ಹಣೆಬರಹವೇ ಅದು, ಅದಕ್ಕೊಂದು ಮೂಗು ಬೇಕು, ಎಳೆದು ಉದ್ದ ಮಾಡುವುದಕ್ಕೆ. ಕ್ರಯಪತ್ರಕ್ಕೆ ಮೂಗಿಲ್ಲ. ಬ್ಯಾಂಕಿನ ನಕ್ಷೆಗೆ ಹೊಟ್ಟೆಯಿಲ್ಲ. 'ಕ್ಷಮಿಸಿ ಸ್ವಾಮಿ, ಆ ಮನೆ ಆಗಲೇ ಹೋಯಿತು' ಅಂತ ಫೋನಿನಲ್ಲಿ ಸವಿಯಾಗಿ ಹೇಳುವ ದಲ್ಲಾಳಿ ಒಳ್ಳೆಯ ಟೈ ಕಟ್ಟಿದ ಮರ್ಯಾದಸ್ಥ, ಭಾನುವಾರ ಚರ್ಚಿಗೆ ಹೋಗುವವನು, ಬಹುಶಃ ಅದೇ ಪತ್ರಿಕೆಯ ಚಂದಾದಾರ. ಅವನ ಮುಖ ಬರೆದರೆ ಅದು ಓದುಗನ ಮುಖವೇ ಆಗಿಬಿಡುತ್ತೆ. ಪತ್ರಿಕೆಗೆ ಮನೆ ಮಾರುವ ಜಾಹೀರಾತು ಬೇಡವೇ?

ಹೀಗೆ ಕಲ್ಲು ಎಲ್ಲರ ಕಣ್ಣಿಗೂ ಬಿತ್ತು. ಕಾಗದ ಬೀಳಲಿಲ್ಲ. ಕಲ್ಲು ಎಸೆದವನನ್ನು ನೋಡಿ ನಕ್ಕವರು, ಕಾಗದ ಬರೆದವನು ಕೊಟ್ಟ ಮನೆಯಲ್ಲಿ ಕೂತು ನಕ್ಕರು.

ಪೆನ್ನು ಯಾರ ಕೈಯಲ್ಲಿತ್ತು ಅಂತಲೂ ಕೇಳಬೇಕು. 1968ರಲ್ಲಿ ಅಮೆರಿಕ ಸರ್ಕಾರವೇ ನೇಮಿಸಿದ ಕರ್ನರ್ ಆಯೋಗ ದಂಗೆಗಳ ಬಗ್ಗೆ ವರದಿ ಕೊಟ್ಟಾಗ ಪತ್ರಿಕೆಗಳಿಗೂ ಛಡಿಯೇಟು ಕೊಟ್ಟಿತು. ಇವು ಬಿಳಿಯರ ಕಣ್ಣಿನಿಂದಲೇ ಲೋಕವನ್ನು ನೋಡುತ್ತವೆ ಎಂದಿತು. ಸಂಪಾದಕೀಯ ಕೆಲಸದಲ್ಲಿ ಕಪ್ಪು ಜನ ನೂರಕ್ಕೆ ಐದರಷ್ಟೂ ಇರಲಿಲ್ಲ. ಸಂಪಾದಕರ ಕುರ್ಚಿಯಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಪುಲಿಟ್ಜರ್ ಬಹುಮಾನ ರಾಜಕೀಯ ವ್ಯಂಗ್ಯಚಿತ್ರಕ್ಕೆ ಶುರುವಾದದ್ದು 1922ರಲ್ಲಿ. ಅದು ಒಬ್ಬ ಕಪ್ಪು ಚಿತ್ರಕಾರನ ಕೈ ಸೇರಿದ್ದು 2019ರಲ್ಲಿ. ತೊಂಬತ್ತೇಳು ವರ್ಷ! ಇಷ್ಟು ವರ್ಷ ಕಪ್ಪು ಜನರಿಗೆ ನಗು ಬರುತ್ತಿರಲಿಲ್ಲವೇನು?

ಇನ್ನು ಅಮೆರಿಕದ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಮುದ್ದು ಮಾಡಿದ ಒಂದು ಚಿತ್ರಪಟ್ಟಿಯನ್ನು ನೋಡೋಣ. ಚಾರ್ಲ್ಸ್ ಶುಲ್ಜ್‌ರ 'ಪೀನಟ್ಸ್'. ಅದರ ಊರೇ ಒಂದು ಉಪನಗರ. ಹುಲ್ಲು, ಬೇಲಿ, ನಾಯಿಮನೆ. 1950ರ ಅಕ್ಟೋಬರ್‌ನಲ್ಲಿ ಶುರುವಾಗಿ ಹದಿನೇಳು ವರ್ಷ ಕಳೆದರೂ ಆ ಬೀದಿಯಲ್ಲಿ ಒಂದು ಕಪ್ಪು ಮಗು ಕಾಣಿಸಲಿಲ್ಲ. ಕರಾರಿನ ಕಲಮು ಚಿತ್ರದೊಳಗೂ ಜಾರಿಯಲ್ಲಿತ್ತು, ಯಾರೂ ಬರೆಯದೆಯೇ. 1968ರ ಏಪ್ರಿಲ್‌ನಲ್ಲಿ ಕಿಂಗ್ ಕೊಲೆಯಾದ ಮೇಲೆ ಲಾಸ್ ಏಂಜಲೀಸ್‌ನ ಒಬ್ಬ ಶಾಲಾಶಿಕ್ಷಕಿ ಶುಲ್ಜ್‌ಗೆ ಕಾಗದ ಬರೆದು ಕೇಳಿದರು, ನಿಮ್ಮ ಮಕ್ಕಳ ನಡುವೆ ಒಂದು ಕಪ್ಪು ಮಗು ಯಾಕಿರಬಾರದು ಅಂತ. ಮೇಷ್ಟ್ರುಗಳು ಈ ಮಾತನ್ನು ನೆನಪಿಡಬೇಕು, ದೊಡ್ಡ ದೊಡ್ಡ ಸಂಪಾದಕರಿಗೆ ಹೊಳೆಯದ ಪ್ರಶ್ನೆ ಹೊಳೆದದ್ದು ಒಬ್ಬ ಶಿಕ್ಷಕಿಗೆ. ಅದೇ ವರ್ಷ ಜುಲೈ 31ರಂದು ಫ್ರಾಂಕ್ಲಿನ್ ಅನ್ನುವ ಕಪ್ಪು ಹುಡುಗ ಬಂದ. ಅವನು ಬಂದದ್ದು ಎಲ್ಲಿಗೆ? ಬೀದಿಗಲ್ಲ, ಸಮುದ್ರ ತೀರಕ್ಕೆ. ತೀರಕ್ಕೆ ಯಾರು ಬೇಕಾದರೂ ಬರಬಹುದು, ಸಂಜೆಗೆ ಮನೆಗೆ ಹೋಗುತ್ತಾರಲ್ಲ! ಆಮೇಲೆ ಅವನು ಬಿಳಿ ಮಕ್ಕಳ ತರಗತಿಯಲ್ಲಿ ಕೂತಾಗ ದಕ್ಷಿಣದ ಒಬ್ಬ ಸಂಪಾದಕ ಆಕ್ಷೇಪ ಬರೆದನಂತೆ: ಹುಡುಗ ಇರಲಿ, ಆದರೆ ಶಾಲೆಯಲ್ಲಿ ಒಟ್ಟಿಗೆ ತೋರಿಸಬೇಡಿ. ಶುಲ್ಜ್ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಮನುಷ್ಯನ ಒಳ್ಳೆಯತನದ ಮೇಲೆ ನನಗೆ ಅನುಮಾನ ಇಲ್ಲ.

ಆದರೆ ಒಳ್ಳೆಯತನ ಎಲ್ಲಿಯವರೆಗೆ ಹೋಗುತ್ತೆ ಅನ್ನುವುದಕ್ಕೆ 1973ರ ನವೆಂಬರ್‌ನಲ್ಲಿ ಟೀವಿಗೆ ಬಂದ ಅದರ ಥ್ಯಾಂಕ್ಸ್‌ಗಿವಿಂಗ್ ಚಿತ್ರ ನೋಡಿ. ಮಕ್ಕಳೆಲ್ಲ ಊಟಕ್ಕೆ ಕೂತಿದ್ದಾರೆ. ಮೇಜಿನ ಒಂದು ಬದಿಯಲ್ಲಿ ಗೆಳೆಯರೆಲ್ಲ ಸಾಲಾಗಿ. ಎದುರು ಬದಿಯಲ್ಲಿ ಫ್ರಾಂಕ್ಲಿನ್ ಒಬ್ಬನೇ. ಅವನಿಗೆ ಕೊಟ್ಟದ್ದು ಅಂಗಳದಲ್ಲಿ ಹಾಕುವ ಮಡಿಚು ಕುರ್ಚಿ. ಬೇಕೆಂದೇ ಹೀಗೆ ಬರೆದರು ಅಂತ ನಾನು ಹೇಳುತ್ತಿಲ್ಲ. ಬೇಕೆಂದು ಬರೆದಿದ್ದರೆ ಅದಕ್ಕೊಂದು ಮದ್ದಿರುತ್ತಿತ್ತು. ಯಾರ ಮನಸ್ಸಿಗೂ ಬರದೆ ಕೈ ತಾನಾಗಿಯೇ ಹಾಗೆ ಕೂರಿಸಿತಲ್ಲ, ರೋಗ ಇರುವುದು ಅಲ್ಲಿ. ಪಂಕ್ತಿಭೇದ ಮಾಡುವವನು ಪ್ರತಿ ಸಲ ಯೋಚಿಸಿ ಮಾಡುವುದಿಲ್ಲ. ಕೈಗೆ ಅಭ್ಯಾಸವಾಗಿರುತ್ತೆ. ನಮ್ಮ ಹೋಟೆಲಿನಲ್ಲಿ ಬೇರೆ ಲೋಟ ಇಟ್ಟವನ ಕೈಯೂ ಹಾಗೇ ಹೋಗುತ್ತೆ.

ಫ್ರಾಂಕ್ಲಿನ್ ಬಂದ ವರ್ಷವೇ, ಏಪ್ರಿಲ್ 11ರಂದು, ಮನೆ ಮಾರುವಲ್ಲಿ ಬಾಡಿಗೆ ಕೊಡುವಲ್ಲಿ ಭೇದ ಮಾಡಬಾರದು ಅನ್ನುವ ಫೇರ್ ಹೌಸಿಂಗ್ ಕಾಯಿದೆ ಬಂತು. ಅದೂ ಒಂದು ಮಡಿಚು ಕುರ್ಚಿಯೇ. ಕಾಯಿದೆ ಇತ್ತು, ಅದನ್ನು ಜಾರಿ ಮಾಡುವ ಹಲ್ಲು ಇರಲಿಲ್ಲ. ಆ ಹಲ್ಲು ಸ್ವಲ್ಪವಾದರೂ ಮೂಡಿದ್ದು 1988ರ ತಿದ್ದುಪಡಿಯಲ್ಲಿ. ಇಪ್ಪತ್ತು ವರ್ಷ ಬೊಚ್ಚು ಬಾಯಿಯ ಕಾಯಿದೆ.

ಹಾಗಾದರೆ ಗೆರೆಯಲ್ಲಿ ಕಾಗದವನ್ನು ಹಿಡಿಯುವುದಕ್ಕೆ ಆಗುವುದೇ ಇಲ್ಲವೇ? ಆಗುತ್ತೆ. ಹಿಡಿದವರಿದ್ದಾರೆ. ಅವರೆಲ್ಲ ಬಾಗಿಲಿನ ಹೊರಗೆ ನಿಂತು ಬರೆದವರು.

ಆಲಿವರ್ ಹ್ಯಾರಿಂಗ್ಟನ್ ಹುಟ್ಟಿದ್ದು 1912ರಲ್ಲಿ. ಬ್ರಾಂಕ್ಸ್‌ನ ಶಾಲೆಯಲ್ಲಿ ಒಬ್ಬ ಬಿಳಿ ಶಿಕ್ಷಕಿ ಅವನನ್ನೂ ಇನ್ನೊಬ್ಬ ಕಪ್ಪು ಹುಡುಗನನ್ನೂ ತರಗತಿಯ ಮುಂದೆ ನಿಲ್ಲಿಸಿ, ಇವರಿಬ್ಬರ ಜಾಗ ಆ ಕಸದ ಬುಟ್ಟಿ ಅಂದಳು. ಮಕ್ಕಳು ನಕ್ಕರು. ಹುಡುಗ ಪುಸ್ತಕದ ಅಂಚಿನಲ್ಲಿ ಆಕೆಯ ಚಿತ್ರ ಬರೆಯತೊಡಗಿದ. ಅವನ ವ್ಯಂಗ್ಯಚಿತ್ರದ ಗುರುಕುಲ ಆ ಕಸದ ಬುಟ್ಟಿ. 1935ರಿಂದ ಹಾರ್ಲೆಮ್‌ನ ಕಪ್ಪು ಪತ್ರಿಕೆ 'ಆಮ್‌ಸ್ಟರ್‌ಡ್ಯಾಮ್ ನ್ಯೂಸ್'ನಲ್ಲಿ ಬರೆದ ಚಿತ್ರಗಳಲ್ಲಿ ಬೂಟ್ಸಿ ಅನ್ನುವ ಬೋಳುತಲೆಯ ದಡೂತಿ ಹುಟ್ಟಿದ. ಈ ಬೂಟ್ಸಿ ವೀರನಲ್ಲ, ಹುತಾತ್ಮನಲ್ಲ, ಕೇರಿಯಲ್ಲಿ ಉಸಿರಾಡುವ ಒಬ್ಬ ಮನುಷ್ಯ. ಬಿಳಿ ಚಿತ್ರಕಾರ ಕಪ್ಪು ಜನರನ್ನು ಬರೆದರೆ ಒಂದೋ ಕೋಡಂಗಿ ಮಾಡುತ್ತಿದ್ದ, ಇಲ್ಲ ಅಳುವ ಗೊಂಬೆ ಮಾಡುತ್ತಿದ್ದ. ಹ್ಯಾರಿಂಗ್ಟನ್ ಎರಡನ್ನೂ ಬಿಸಾಕಿದರು. 1951ರಲ್ಲಿ ಕಮ್ಯೂನಿಸ್ಟ್ ಬೇಟೆಯ ಕಾಟಕ್ಕೆ ದೇಶವನ್ನೇ ಬಿಡಬೇಕಾಯಿತು. ಪ್ಯಾರಿಸ್ಸಿಗೆ ಹೋದರು, ಆಮೇಲೆ ಪೂರ್ವ ಬರ್ಲಿನ್. ಮನೆಯ ಬಗ್ಗೆ ಬರೆದವನಿಗೆ ಮನೆಯೇ ಇಲ್ಲವಾಯಿತು.

ಜಾಕಿ ಆರ್ಮ್ಸ್ ಷಿಕಾಗೋದ ಕಪ್ಪು ಹೆಣ್ಣುಮಗಳು. 1945ರಿಂದ 1956ರವರೆಗೆ 'ಪ್ಯಾಟಿ-ಜೋ ಅಂಡ್ ಜಿಂಜರ್' ಬರೆದಳು. ಒಂದೇ ಚೌಕದ ಚಿತ್ರ. ದೊಡ್ಡಕ್ಕ ಮಾತಾಡುವುದಿಲ್ಲ. ಚೋಟುದ್ದದ ತಂಗಿ ಮಾತ್ರ ಯುದ್ಧ, ಬಾಂಬು, ವರ್ಣಭೇದ ಎಲ್ಲದರ ಮೇಲೂ ಪಟಪಟ ಬಾಯಿ ಬಿಡುತ್ತಾಳೆ. ಅಮೆರಿಕದ ಬೇಹುಗಾರಿಕೆ ಇಲಾಖೆ ಆಕೆಯ ಮೇಲೆ ನೂರಾರು ಪುಟದ ಕಡತ ಇಟ್ಟಿತ್ತು. ಚಿತ್ರ ಬರೆಯುವ ಹೆಂಗಸಿಗೆ ಇಷ್ಟು ಹೆದರುವ ಸರ್ಕಾರಕ್ಕೆ, ಕೆಂಪು ಬಣ್ಣ ಬಳಿದ ತನ್ನ ಗುಮಾಸ್ತನ ಮೇಲೆ ಒಂದು ಪುಟವನ್ನೂ ಬರೆಯಬೇಕು ಅನ್ನಿಸಲಿಲ್ಲ.

ಬ್ರಮ್ಸಿಕ್ ಬ್ರಾಂಡನ್ 1968ರಲ್ಲಿ ಶುರುಮಾಡಿದ 'ಲೂಥರ್' ಚಿತ್ರಪಟ್ಟಿಯನ್ನು ನೋಡಿ. ಕೇರಿಯ ಮಕ್ಕಳ ಕಥೆ. ಅವರು ಓದುವ ಶಾಲೆಯ ಬೀದಿಗೆ ಹೆಸರು ಅಲಬಾಸ್ಟರ್, ಅಂದರೆ ಅಮೃತಶಿಲೆಯ ಹಾಗೆ ಬೆಳ್ಳಗಿರುವ ಕಲ್ಲು. ಶಿಕ್ಷಕಿಯ ಹೆಸರು ಮಿಸ್ ಬ್ಯಾಕ್‌ಲ್ಯಾಶ್, ಕರಿಯರು ಒಂದು ಹೆಜ್ಜೆ ಮುಂದಿಟ್ಟರೆ ಮೈಮೇಲೆ ಬೀಳುವ ಬಿಳಿಯರ ಎದುರೇಟಿಗೆ ಅಲ್ಲಿ ಇದೇ ಮಾತು. ಈ ಶಿಕ್ಷಕಿಯನ್ನು ಬ್ರಾಂಡನ್ ತೋರಿಸುವುದೇ ಇಲ್ಲ. ಮಕ್ಕಳಿದ್ದಾರೆ, ಬೆಂಚಿದೆ, ಅಧಿಕಾರದ ಮುಖ ಮಾತ್ರ ಚೌಕದ ಆಚೆ. ಗೆಳೆಯರೇ, ಇದೇ ನಾನು ಹುಡುಕುತ್ತಿರುವುದು. ಮುಖ ಇಲ್ಲದ ಯಜಮಾನಿಕೆಯನ್ನು ಮುಖ ಇಲ್ಲದೆಯೇ ಬರೆಯಬಹುದು ಅಂತ ಈ ಮನುಷ್ಯ ತೋರಿಸಿಕೊಟ್ಟ.

ಆಮೇಲೆ ಆರನ್ ಮೆಗ್ರೂಡರ್. 1999ರ ಏಪ್ರಿಲ್‌ನಿಂದ ದೇಶದ ಪತ್ರಿಕೆಗಳಲ್ಲಿ ಬಂದು 2006ರಲ್ಲಿ ನಿಂತ 'ದಿ ಬೂನ್‌ಡಾಕ್ಸ್'. ಷಿಕಾಗೋದ ಕಪ್ಪು ಕೇರಿಯಿಂದ ತಾತನ ಜೊತೆ ಇಬ್ಬರು ಹುಡುಗರು ವುಡ್‌ಕ್ರೆಸ್ಟ್ ಅನ್ನುವ ಬಿಳಿ ಉಪನಗರಕ್ಕೆ ಬರುತ್ತಾರೆ. ದೊಡ್ಡವನ ಹೆಸರು ಹ್ಯೂಯಿ, ಬ್ಲ್ಯಾಕ್ ಪ್ಯಾಂಥರ್ ನಾಯಕ ಹ್ಯೂಯಿ ನ್ಯೂಟನ್‌ನ ಹೆಸರು. 1972ರಲ್ಲಿ ಮುಂಬೈಯ ದಲಿತ ಹುಡುಗರು ತಮ್ಮ ಸಂಘಟನೆಗೆ ಹೆಸರು ತಂದುಕೊಂಡದ್ದು ಆ ಪ್ಯಾಂಥರ್‌ಗಳಿಂದಲೇ. ಈ ಹೊಸ ಉಪನಗರದಲ್ಲಿ ಯಾರೂ ಕಲ್ಲು ಎಸೆಯುವುದಿಲ್ಲ. ನಗುತ್ತಾರೆ. ಆ ಸಿಹಿ ನಗುವಿನ ನಡುವೆ ಹುಬ್ಬು ಗಂಟಿಕ್ಕಿಕೊಂಡು ಕೂತ ಹತ್ತು ವರ್ಷದ ಹ್ಯೂಯಿ ಇದ್ದಾನಲ್ಲ, ಆ ಹುಬ್ಬೇ ಒಂದು ಚಾರ್ಜ್‌ಶೀಟು. ಮೆಗ್ರೂಡರ್ ಬೆಳೆದದ್ದು ಮೇರಿಲ್ಯಾಂಡ್‌ನ ಕೊಲಂಬಿಯಾದಲ್ಲಿ. ಕಪ್ಪು ಬಿಳಿ ಎಲ್ಲರೂ ಕೂಡಿ ಬದುಕಲಿ ಅಂತ 1967ರಲ್ಲಿ ಯೋಜನೆ ಮಾಡಿ ಕಟ್ಟಿದ ಊರು ಅದು. ಬಾಗಿಲು ತೆಗೆದ ಮೇಲೂ ಒಳಗೆ ಏನೇನು ಉಳಿದಿರುತ್ತೆ ಅನ್ನುವುದು ಅಂಥ ಊರಿನ ಹುಡುಗನಿಗೇ ಗೊತ್ತು.

ಈಗ ಹತ್ತಿರದ ಕಾಲಕ್ಕೆ ಬನ್ನಿ. 2020ರ ಜೂನ್‌ನಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಕೊಲೆಯ ಮೇಲೆ ಎದ್ದ ಪ್ರತಿಭಟನೆಯ ಮೆರವಣಿಗೆ ಒಂದು ಖಾಸಗಿ ಬೀದಿಯ ಗೇಟು ದಾಟಿ ಹೋಯಿತು. ಅರಮನೆಯಂಥ ಮನೆಯ ಮುಂದೆ ಬಿಳಿ ಗಂಡ ಹೆಂಡತಿ ಬಂದೂಕು ಹಿಡಿದು ನಿಂತರು. ವ್ಯಂಗ್ಯಚಿತ್ರಕಾರರಿಗೆ ಹಬ್ಬವಾಯಿತು. ಬಂದೂಕು, ಬರಿಗಾಲು, ಗುಲಾಬಿ ಅಂಗಿ. ನಾನು ಕಂಡ ಚಿತ್ರಗಳಲ್ಲೆಲ್ಲ ಬಂದೂಕು ಇತ್ತು. ಗೇಟು ಇರಲಿಲ್ಲ. ಒಂದು ಬೀದಿಯೇ ಖಾಸಗಿ ಹೇಗಾಗುತ್ತೆ, ಆ ಗೇಟಿಗೆ ಬೀಗ ಹಾಕಿದವರು ಯಾರು ಅಂತ ಕೇಳುವ ಗೆರೆ ಕಾಣಲಿಲ್ಲ. ಅದೇ ಸೇಂಟ್ ಲೂಯಿಸ್‌ನಲ್ಲೇ 1945ರಲ್ಲಿ ಶೆಲ್ಲಿ ಅನ್ನುವ ಕಪ್ಪು ಕುಟುಂಬ ಮನೆ ಕೊಂಡದ್ದು. 1911ರಲ್ಲೇ ನೆರೆಯವರು ಮಾಡಿಕೊಂಡಿದ್ದ ಕರಾರು ತೋರಿಸಿ ಅವರನ್ನು ಹೊರಗೆ ಹಾಕಲು ನೋಡಿದ್ದೂ ಅಲ್ಲೇ. 1948ರಲ್ಲಿ ಸುಪ್ರೀಂ ಕೋರ್ಟು, ಇಂಥ ಕರಾರನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಮೂವರು ಆ ಪೀಠದಿಂದ ದೂರ ಸರಿದರು, ಕಾರಣ ಹೇಳಲಿಲ್ಲ. ಅವರ ಮನೆಗಳ ಪತ್ರದಲ್ಲೂ ಅಂಥದೇ ಕರಾರು ಇದ್ದಿರಬೇಕು ಅಂತ ಜನ ಆಡಿಕೊಂಡರು. ಖಾಲಿ ಬಿದ್ದ ಆ ಮೂರು ಕುರ್ಚಿಗಳನ್ನು ಬರೆದಿದ್ದರೆ ಸಾಕಿತ್ತು, ಬೇರೆ ಗೆರೆಯೇ ಬೇಡವಾಗಿತ್ತು.

ಕರಾರು ಹೋದ ಮೇಲೆ ಕಾಗದ ಸುಮ್ಮನಾಯಿತೇ? ಇಲ್ಲ. ಅದು ಬಣ್ಣದ ಮಾತು ಬಿಟ್ಟು ನಿವೇಶನದ ಅಳತೆಯ ಮಾತಾಡತೊಡಗಿತು. ಇಲ್ಲಿ ಒಂಟಿ ಮನೆ ಮಾತ್ರ, ಇಷ್ಟು ಜಾಗಕ್ಕೆ ಒಂದೇ ಮನೆ, ಬಾಡಿಗೆಯ ವಠಾರ ಕಟ್ಟಕೂಡದು ಅನ್ನುವ ವಲಯ ಕಾನೂನು. 1926ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟು ಇದಕ್ಕೆ ಒಪ್ಪಿಗೆ ಕೊಟ್ಟು, ಒಂಟಿ ಮನೆಗಳ ನಡುವೆ ಬರುವ ವಠಾರವನ್ನು ಬದನಿಕೆಗೆ ಹೋಲಿಸಿತ್ತು. ಬಣ್ಣದ ಹೆಸರೆತ್ತದೆ ಬಣ್ಣವನ್ನು ಹೊರಗಿಡುವ ವಿದ್ಯೆ ಇದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. 2020ರ ಜುಲೈನಲ್ಲಿ ಅಧ್ಯಕ್ಷ ಟ್ರಂಪ್, ನಿಮ್ಮ ಉಪನಗರದ ಕನಸಿನ ಬದುಕಿಗೆ ಇನ್ನು ಬಡವರ ಮನೆಗಳ ಕಾಟ ಇರುವುದಿಲ್ಲ ಅನ್ನುವ ಅರ್ಥದಲ್ಲಿ ಸಾರಿದಾಗ, ಕಪ್ಪು ಅನ್ನುವ ಒಂದು ಶಬ್ದವೂ ಬೇಕಾಗಲಿಲ್ಲ. ಎಲ್ಲರಿಗೂ ತಿಳಿಯಿತು. ಇದರ ಲೆಕ್ಕ ಇವತ್ತು ಬ್ಯಾಂಕಿನ ಪುಸ್ತಕದಲ್ಲಿದೆ. ಅಲ್ಲಿನ ಕೇಂದ್ರ ಬ್ಯಾಂಕಿನ 2022ರ ಸಮೀಕ್ಷೆಯಲ್ಲಿ ಸಾಲಿನ ನಡುವೆ ನಿಂತ ಬಿಳಿ ಕುಟುಂಬದ ಆಸ್ತಿ 2,85,000 ಡಾಲರ್, ಕಪ್ಪು ಕುಟುಂಬದ್ದು 44,900 ಡಾಲರ್. ಮನೆಯೇ ಅಲ್ಲಿನ ಸಾಮಾನ್ಯರ ಆಸ್ತಿ. ಅಪ್ಪನಿಗೆ ಮನೆ ಕೊಡದಿದ್ದರೆ ಮೊಮ್ಮಗನ ಕೈ ಖಾಲಿ.

ದೂರದ ದೇಶದ ಈ ಪುರಾಣ ನಮಗ್ಯಾಕೆ ಅಂತ ಯಾರಾದರೂ ಕೇಳಬಹುದು. ನಮ್ಮವರೂ ಆ ಬಾಗಿಲಲ್ಲಿ ನಿಂತಿದ್ದರು ಸ್ವಾಮಿ. 1915ರಲ್ಲಿ ವೈಷ್ಣೋ ದಾಸ್ ಬಗಾಯ್ ಅನ್ನುವವರು ಹೆಂಡತಿ ಮಕ್ಕಳೊಂದಿಗೆ ಕ್ಯಾಲಿಫೋರ್ನಿಯಾಕ್ಕೆ ಹೋದರು. ಬರ್ಕ್‌ಲಿಯಲ್ಲಿ ಮನೆ ಕೊಂಡು ಸಾಮಾನು ತಂದರೆ, ನೆರೆಯವರು ಅವರು ಒಳಗೆ ಹೋಗದಂತೆ ಬೀಗ ಜಡಿದಿದ್ದರು. ಅವರು ಹಾಗೇ ಹಿಂದಿರುಗಿದರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಭಾರತೀಯರು ಬಿಳಿಯರಲ್ಲ ಎಂದು ತೀರ್ಪಾಯಿತು. ತಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯ ಅಂತ ಥಿಂಡ್ ವಾದಿಸಿದ್ದರು. ಜಾತಿಯ ಚೀಟಿ ಅಲ್ಲಿ ನಡೆಯಲಿಲ್ಲ. ಪೌರತ್ವ ಕಳೆದುಕೊಂಡ ಬಗಾಯ್ 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. 1965ರಲ್ಲಿ ವಲಸೆ ಕಾಯಿದೆ ಬದಲಾಯಿತು, 1968ರಲ್ಲಿ ಮನೆಯ ಕಾಯಿದೆ ಬಂತು. ಈ ಎರಡರ ಹಿಂದೆಯೂ ಕಪ್ಪು ಜನರ ಹೋರಾಟದ ಒತ್ತಡ ಇತ್ತು. ಇವತ್ತು ನ್ಯೂಜೆರ್ಸಿಯ, ಕ್ಯಾಲಿಫೋರ್ನಿಯಾದ ಉಪನಗರಗಳಲ್ಲಿ ಮನೆ ಮಾಡಿ ರಾಜ್ಯೋತ್ಸವ ಆಚರಿಸುವ ನಮ್ಮ ಕನ್ನಡ ಬಂಧುಗಳು ಒಳಗೆ ಹೋದದ್ದು ಆ ಕಲ್ಲೇಟು ತಿಂದವರು ತೆರೆದ ಬಾಗಿಲಿನಿಂದ. ಹೋದವರು ಬಾಗಿಲನ್ನು ತೆರೆದಿಟ್ಟಿದ್ದಾರೋ, ಒಳ್ಳೆಯ ಶಾಲೆ, ಮನೆಯ ಬೆಲೆ ಅಂತ ವಲಯ ಕಾನೂನಿನ ಪರ ನಿಂತು ತಾವೇ ಬೀಗ ಹಿಡಿದಿದ್ದಾರೋ, ಅವರೇ ಹೇಳಬೇಕು.

ಇಲ್ಲಿಯ ಮಾತನ್ನೂ ಒಂದು ಹೇಳಿ ಮುಗಿಸುತ್ತೇನೆ. ಕೊಲಂಬಿಯಾದಲ್ಲಿ ಓದಿ ಬಂದ ಬಾಬಾಸಾಹೇಬರಿಗೆ 1917ರಲ್ಲಿ ಬರೋಡದಲ್ಲಿ ತಲೆ ಮೇಲೊಂದು ಸೂರು ಸಿಗಲಿಲ್ಲ. ಹೆಸರು ಮರೆಸಿ ಉಳಿದಿದ್ದ ಛತ್ರದಿಂದ ಕೋಲು ಹಿಡಿದವರು ಅವರನ್ನು ಓಡಿಸಿದರು. ಆ ಕೋಲು ನಮಗೆಲ್ಲ ಗೊತ್ತು. ಆದರೆ 2005ರಲ್ಲಿ ನಮ್ಮ ಸುಪ್ರೀಂ ಕೋರ್ಟು ಅಹಮದಾಬಾದಿನ ಒಂದು ಗೃಹ ಸಹಕಾರ ಸಂಘದ ಮೊಕದ್ದಮೆಯಲ್ಲಿ, ಒಂದೇ ಸಮುದಾಯದವರಿಗೆ ಮಾತ್ರ ಸದಸ್ಯತ್ವ ಅನ್ನುವ ಬೈಲಾ ನಡೆಯುತ್ತೆ ಎಂದಿತು. ಆ ಸಣ್ಣ ಪಾರ್ಸಿ ಸಮುದಾಯದ ಮೇಲೆ ನನಗೆ ಸಿಟ್ಟಿಲ್ಲ. ಅದೇ ಬಾಗಿಲಿನಿಂದ ಯಾವ್ಯಾವ ದೊಡ್ಡ ಜಾತಿಗಳು ನುಗ್ಗುತ್ತವೆ ಅನ್ನುವುದು ನನ್ನ ಭಯ. ಅಮೆರಿಕದ ಕೋರ್ಟು 1948ರಲ್ಲಿ ಜಾರಿ ಮಾಡಲಾರೆ ಅಂದದ್ದಕ್ಕೆ ನಮ್ಮ ಕೋರ್ಟು 2005ರಲ್ಲಿ ಅಸ್ತು ಅಂದಿತು. ಕೋಲಿನ ಜಾಗಕ್ಕೆ ಬೈಲಾ ಬಂದಿದೆ. 'ನೀವು ಯಾವ ಪೈಕಿ? ಸಸ್ಯಾಹಾರಿಗಳು ತಾನೆ?' ಅಂತ ಬೆಂಗಳೂರಿನ ಬಡಾವಣೆಯಲ್ಲಿ ಬಾಡಿಗೆ ಮನೆ ಕೇಳಲು ಹೋದವನಿಗೆ ಬೀಳುವ ಪ್ರಶ್ನೆಯಲ್ಲಿ ಒಂದು ಕಲ್ಲೂ ಇಲ್ಲ. ಅದನ್ನು ಬರೆಯುವ ಗೆರೆ ನಮ್ಮಲ್ಲಿ ಎಷ್ಟಿದೆ?

ನಗುವಿಗೂ ಬಣ್ಣ ಹುಡುಕುತ್ತೀರಲ್ಲ, ಜಾತಿ ಹುಡುಕುತ್ತೀರಲ್ಲ ಅಂತ ಕಲೆಯ ಭಕ್ತರು ಮುನಿಯಬಹುದು. ನಾವು ಹುಡುಕಿದ್ದಲ್ಲ. ಅದು ಕುರ್ಚಿಯ ರೂಪದಲ್ಲಿ ಚಿತ್ರದೊಳಗೇ ಕೂತಿತ್ತು, ತೋರಿಸುತ್ತಿದ್ದೇವೆ ಅಷ್ಟೆ. ಪುಂಡನನ್ನು ಬರೆಯಬೇಡಿ ಅಂತಲೂ ನನ್ನ ವಾದವಲ್ಲ. ಬರೆಯಿರಿ, ಅವನ ಹಿಂದೆ ಮೇಜಿನ ಮೇಲಿರುವ ಕಾಗದವನ್ನೂ ಬರೆಯಿರಿ. ಆ ಕಾಗದದಲ್ಲಿ ಯಾರ ರುಜು ಇದೆ ಅನ್ನುವುದನ್ನು ಓದಲು ಬರುವಷ್ಟು ದೊಡ್ಡದಾಗಿ ಬರೆಯಿರಿ. ಅಂಥ ಚಿತ್ರ ನೋಡಿ ಓದುಗ ನಗದೆ ಇರಬಹುದು, ಚಂದಾ ನಿಲ್ಲಿಸಬಹುದು. ನಿಲ್ಲಿಸಲಿ.

ಹಳ್ಳಿಯ ಮೇಷ್ಟ್ರುಗಳಲ್ಲಿ ಒಂದು ಕೇಳಿಕೆ ಇದೆ. ಊರಿನ ನಕ್ಷೆ ಬರೆಯಿರಿ ಅಂತ ಮಕ್ಕಳಿಗೆ ಹೇಳುತ್ತೀರಲ್ಲ, ದೇವಸ್ಥಾನ, ಪಂಚಾಯ್ತಿ ಕಟ್ಟೆ, ಬಾವಿ ಎಲ್ಲ ಬರೆಸಿ ನಂಬರ್ ಕೊಡುತ್ತೀರಲ್ಲ, ಮುಂದಿನ ಸಲ ಕೇರಿಯನ್ನೂ ಬರೆಸಿ. ಕೇರಿಯ ಮಗುವಿನ ಕೈಲೇ ಬರೆಸಿ. ಆಮೇಲೆ ಕೇಳಿ, ಈ ಜಾಗ ಇಲ್ಲೇ ಯಾಕಿದೆ, ಇದನ್ನು ಇಲ್ಲಿಟ್ಟವರು ಯಾರು, ಅದರ ಪಹಣಿ ಯಾರ ಹೆಸರಿನಲ್ಲಿದೆ ಅಂತ. ಹ್ಯಾರಿಂಗ್ಟನ್ ತನ್ನ ಮೊದಲ ಚಿತ್ರ ಬರೆದದ್ದು ತರಗತಿಯಲ್ಲೇ, ಅವನಿಗೆ ಸಿಕ್ಕ ಶಿಕ್ಷಕಿ ಕಸದ ಬುಟ್ಟಿ ತೋರಿಸಿದಳು. ನೀವು ಸೀಮೆಸುಣ್ಣ ಕೊಡಿ.